ಬಾಂದ್ರಾದ ಗುಡ್ಡ, ಗಾಥಿಕ್ ಕಮಾನು, ಮಂಗಳೂರು ಹಂಚು

ಸೆಪ್ಟೆಂಬರ್ ಬಂತೆಂದರೆ ಬಾಂದ್ರಾದ ಮೌಂಟ್ ಮೇರಿ ಗುಡ್ಡಕ್ಕೆ ಮುಂಬಯಿಯೇ ಹತ್ತುತ್ತದೆ. ಕೈ, ಕಾಲು, ಮನೆಯ ಆಕಾರದ ಮೇಣದ ಹರಕೆ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಎಲ್ಲ ಜಾತಿ ಮತಗಳವರೂ ಇರುತ್ತಾರೆ. ಆ ನೂಕುನುಗ್ಗಲಲ್ಲಿ ಕಟ್ಟಡದತ್ತ ಕತ್ತೆತ್ತಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಗುಡ್ಡದ ಮೇಲೆ ಪೂಜೆ ನಡೆಯುತ್ತಿರುವುದು ಪೋರ್ಚುಗೀಸರ ಕಾಲದಿಂದ. ಈಗಿರುವ ಇಗರ್ಜಿ ಮಾತ್ರ 1904ರದು. ನಕ್ಷೆ ಬರೆದವರು ಮುಂಬಯಿಯ ವಾಸ್ತುಶಿಲ್ಪಿ ಶಾಪೂರ್ಜಿ ಚಂದಾಭಾಯ್. ಚೂಪು ಕಮಾನು, ಜೋಡಿ ಗೋಪುರ ಎಲ್ಲ ಇದ್ದರೂ ಇದು ಅಚ್ಚ ಗಾಥಿಕ್ ಅಲ್ಲ, ಅರೆ ಗಾಥಿಕ್. ಅದರಿಂದ ಅದಕ್ಕೇನೂ ನಷ್ಟವಾಗಿಲ್ಲ.

ಗುಡ್ಡ ಇಳಿದರೆ ಹಿಲ್ ರೋಡಿನ ಮೇಲೆ ಸೇಂಟ್ ಆಂಡ್ರ್ಯೂಸ್ ಇಗರ್ಜಿ. ಪೋರ್ಚುಗೀಸ್ ಜೆಸುಯಿಟರು ಕಟ್ಟಿಸಿದ ಇದರಲ್ಲಿ ಗಾಥಿಕ್‌ನ ಆಕಾಶದಾಸೆ ಇಲ್ಲ. ಕಡಲ ಗಾಳಿಗೆ ಎದೆಗೊಟ್ಟು ನಿಂತ ಸರಳ, ದಪ್ಪ ಮೈ ಇದರದು. ಇನ್ನೂ ನಾಲ್ಕು ಹೆಜ್ಜೆ ಹಾಕಿದರೆ ರಣ್‌ವಾರ್: ಈಸ್ಟ್ ಇಂಡಿಯನ್ ಕ್ರೈಸ್ತರ ಹಳೆಯ ಹಳ್ಳಿ, ಮರದ ಜಗಲಿ, ಹೊರಗಿನಿಂದಲೇ ಮಹಡಿಗೆ ಹತ್ತುವ ಮೆಟ್ಟಿಲು, ಇಳಿಜಾರು ಹಂಚಿನ ಮಾಡು. ಹೀಗೆ ಒಂದು ಸಂಜೆಯ ನಡಿಗೆಯಲ್ಲಿ ಮೂರು ಬಗೆಯ ವಾಸ್ತು ಎದುರಾಗುತ್ತವೆ. ಇವುಗಳಲ್ಲಿ ಯಾವುದು ಮೇಲು?

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಸರ್ಕಾರದ ಮಟ್ಟಕ್ಕೇ ಏರಿತ್ತು. ಲಂಡನ್ನಿನ ವಿದೇಶಾಂಗ ಕಚೇರಿಯನ್ನು ಗಾಥಿಕ್‌ನಲ್ಲೇ ಕಟ್ಟಬೇಕೆಂದು ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹಟ ಹಿಡಿದರು. ಪ್ರಧಾನಿ ಪಾಮರ್‌ಸ್ಟನ್ ಒಪ್ಪಲಿಲ್ಲ. ಕೊನೆಗೆ ಸ್ಕಾಟ್ ಇಟಲಿಯ ಶೈಲಿಯಲ್ಲಿ ನಕ್ಷೆ ಬರೆದುಕೊಡಬೇಕಾಯಿತು. ಅಲ್ಲಿ ಸೋತ ಗಾಥಿಕ್ ಬೊಂಬಾಯಿಯಲ್ಲಿ ಗೆದ್ದಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಹತ್ತಿಯ ಹಣ ಇಲ್ಲಿ ಹೊಳೆಯಾಗಿ ಹರಿದಿತ್ತು; ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆ ಕೆಡವಿಸಿ ಜಾಗ ಮಾಡಿದ್ದರು. ವಿಶ್ವವಿದ್ಯಾಲಯದ ಸಭಾಭವನ ಮತ್ತು 1878ರಲ್ಲಿ ಮುಗಿದ ರಾಜಾಬಾಯಿ ಗೋಪುರದ ನಕ್ಷೆಗಳು ಇದೇ ಸ್ಕಾಟ್‌ರವು. ಅವರು ಒಮ್ಮೆಯೂ ಬೊಂಬಾಯಿಗೆ ಕಾಲಿಟ್ಟವರಲ್ಲ.

ನಕ್ಷೆ ಲಂಡನ್ನಿನಿಂದ ಬಂತು, ಕಲ್ಲು ಬಂದದ್ದು ಕುರ್ಲಾದಿಂದ. ಗೋಪುರದ ಮೈಮೇಲೆ ಪಶ್ಚಿಮ ಭಾರತದ ಬೇರೆಬೇರೆ ಜನವರ್ಗಗಳ ಮೂರ್ತಿಗಳು ನಿಂತವು. 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿದ ವಿಕ್ಟೋರಿಯಾ ಟರ್ಮಿನಸ್‌ನಲ್ಲಿ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ಗಾಥಿಕ್ ಕಮಾನುಗಳ ನಡುವೆ ಗುಮ್ಮಟ ತಂದಿಟ್ಟರು; ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಅಲಂಕಾರದ ಕೆಲಸದಲ್ಲಿ ಆಡಿತು. ಇದು ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಶೈಲಿಯನ್ನು ಉಳಿಸಿದ್ದು ಆ ಬೆರಕೆಯೇ. ಫ್ರಾನ್ಸಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಗಾಥಿಕ್ ಹುಟ್ಟಿದ್ದರ ಹಿಂದೆ ಬೆಳಕಿನ ಹಂಬಲವಿತ್ತು. ಚೂಪು ಕಮಾನು ಮತ್ತು ಹೊರಗಿನಿಂದ ಆತು ನಿಂತ ಆನಿಕೆಗಳು ಚಾವಣಿಯ ಭಾರ ಹೊತ್ತಾಗ ಗೋಡೆ ಹಗುರಾಯಿತು, ಅಲ್ಲಿ ಬಣ್ಣದ ಗಾಜು ಕೂತಿತು. ಮುಂಬಯಿಯಲ್ಲಿ ಬೆಳಕಿಗೇನು ಬರ? ಇಲ್ಲಿ ಬೇಕಾದದ್ದು ನೆರಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಮರೆ. ಹಾಗಾಗಿ ಇಲ್ಲಿನ ಗಾಥಿಕ್ ಕಟ್ಟಡಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ಭಾಗ ಕಮಾನು ಸಾಲಿನ ಹಿಂದಿನ ಆಳವಾದ ವರಾಂಡ. ಅಂದಹಾಗೆ, ಗೋಡೆಯನ್ನೆಲ್ಲ ಗಾಜಾಗಿಸುವ ಆ ಹಳೆಯ ಆಸೆ ಈಗ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಪೂರ್ತಿ ಈಡೇರಿದೆ, ಹವಾನಿಯಂತ್ರಣದ ಕರೆಂಟ್ ಬಿಲ್ಲಿನ ಸಮೇತ.

ಎತ್ತರ, ವಿಸ್ತಾರಗಳ ಸಾಹಸಕ್ಕಾಗಿ ಗಾಥಿಕ್ ಒಂದನ್ನೇ ಹೊಗಳುವವರು ವಿಜಯಪುರಕ್ಕೆ ಹೋಗಿ ಬರಬೇಕು. 1656ರ ಗೋಲಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಕತ್ತರಿಸಿ ಹೆಣೆದುಕೊಂಡ ಕಮಾನುಗಳು ಗುಮ್ಮಟದ ಭಾರವನ್ನು ಒಳಮುಖವಾಗಿ ಎಳೆದು ಗೋಡೆಗೆ ದಾಟಿಸುತ್ತವೆ. ಗಾಥಿಕ್ ಕಟ್ಟಡದಲ್ಲಿ ಹೊರಗೆ ಆನಿಕೆ ಕೊಟ್ಟು ಮಾಡುವ ಕೆಲಸ ಇಲ್ಲಿ ಒಳಗೇ ನಡೆದುಹೋಗಿದೆ. ಲೆಕ್ಕಾಚಾರದ ಜಾಣ್ಮೆಯಲ್ಲಿ ಇದು ಯಾವ ಕೆಥೆಡ್ರಲಿಗೂ ಕಡಿಮೆಯಲ್ಲ.

ಮೈಸೂರಿನಲ್ಲಿ ಹೋಲಿಕೆ ಇನ್ನೂ ಸುಲಭ. ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಅರಮನೆ ಗುಮ್ಮಟ, ಕಮಾನು, ಛತ್ರಿಗಳ ಇಂಡೋ-ಸಾರಸೆನಿಕ್. 1933ರಲ್ಲಿ ಅಡಿಗಲ್ಲು ಬಿದ್ದ ಸೇಂಟ್ ಫಿಲೋಮಿನಾ ಇಗರ್ಜಿ ಜರ್ಮನಿಯ ಕಲೋನ್ ಕೆಥೆಡ್ರಲಿನ ನೆನಪು. ಮೊದಲನೆಯದು ಊರಿನ ಮುಖವಾಗಿಬಿಟ್ಟಿದೆ. ಎರಡನೆಯದು ಎಷ್ಟೇ ಸುಂದರವಾಗಿದ್ದರೂ ಇಂದಿಗೂ ದೂರದಿಂದ ಬಂದ ಅತಿಥಿಯಂತೆಯೇ ಕಾಣುತ್ತದೆ.

ಮತ್ತೆ ರಣ್‌ವಾರ್‌ಗೆ. ಅಲ್ಲಿನ ಮನೆಗಳಿಗೆ ನಕ್ಷೆ ಬರೆದ ದೊಡ್ಡ ಹೆಸರುಗಳಿಲ್ಲ, ಶೈಲಿಗೂ ಪಠ್ಯಪುಸ್ತಕದಲ್ಲಿ ಜಾಗವಿಲ್ಲ. ಆದರೆ ಅವುಗಳ ಮಾಡಿನ ಮೇಲೆ ಕನ್ನಡನಾಡಿನ ಮಣ್ಣಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ಹಡಗು ಹತ್ತಿ ಬೊಂಬಾಯಿಗೂ ಬಂತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಟುಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ. ಒಡೆದ ಹಂಚೊಂದನ್ನು ಬದಲಿಸಲು ಏಣಿ ಮತ್ತು ಒಬ್ಬ ಆಳು ಸಾಕು. ಗಾಥಿಕ್ ಗೋಪುರದ ಒಂದು ಕೆತ್ತನೆ ಉದುರಿದರೆ ತಜ್ಞರ ತಂಡವೇ ಬರಬೇಕು. ಬಾಳುವ ಅನುಕೂಲವನ್ನೇ ಅಳತೆಗೋಲು ಮಾಡಿದರೆ, ಬಾಂದ್ರಾದ ಪಂದ್ಯದಲ್ಲಿ ಗೆಲ್ಲುವುದು ಈ ಹಂಚಿನ ಮನೆ.

ಗೆದ್ದರೂ ಉಳಿಯುವ ಖಾತ್ರಿ ಅದಕ್ಕಿಲ್ಲ. 1995ರಲ್ಲಿ ಮುಂಬಯಿಗೆ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಬಂತು. 2018ರಲ್ಲಿ ಯುನೆಸ್ಕೊ ಕೋಟೆ ಪ್ರದೇಶದ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ಕಟ್ಟಡಗಳಿಗೆ ಹೀಗೆ ಕಾವಲು ಸಿಕ್ಕಿತು, ಸಿಗಬೇಕಾದದ್ದೇ. ಜಗಲಿಯ ಮನೆಗಳು ಮಾತ್ರ ಬಾಂದ್ರಾದ ನೆಲದ ಬೆಲೆಯ ಎದುರು ಒಂದೊಂದಾಗಿ ಮಾಯವಾಗಿ, ಆ ಜಾಗದಲ್ಲಿ ಬಹುಮಹಡಿಗಳು ಏಳುತ್ತಿವೆ. ಕಾದಂಬರಿಕಾರ ಯಶವಂತ ಚಿತ್ತಾಲರು ಬದುಕಿ ಬರೆದ ಬಾಂದ್ರಾದ ಈ ಮುಖ ಇನ್ನು ಎಷ್ಟು ಕಾಲ ಕಾಣಸಿಕ್ಕೀತೋ. ಪಾರಂಪರಿಕ ನಿಯಮಗಳು ಬಿಡಿ ಕಟ್ಟಡಗಳ ಜೊತೆಗೆ ಇಂಥ ಇಡೀ ಓಣಿಗಳನ್ನೂ ಕಾಯಬೇಕು, ಮನೆಯವರಿಗೆ ದುರಸ್ತಿಯ ಖರ್ಚಿನಲ್ಲಿ ಪಾಲು ಸಿಗಬೇಕು. ಬಾಂದ್ರಾದಲ್ಲಾಗಲಿ ಗಿರಗಾಂವ್‌ನ ಖೋತಾಚಿವಾಡಿಯಲ್ಲಾಗಲಿ ತಮ್ಮ ಊರಿನಲ್ಲೇ ಆಗಲಿ ಹಂಚಿನ ಹಳೆಯ ಮನೆಯಿರುವ ಓದುಗರು ಅದರ ಚಿತ್ರ, ಅಳತೆ, ಕಟ್ಟಿದ ಮೇಸ್ತ್ರಿಯ ಹೆಸರು ಬರೆದು ಪತ್ರಿಕೆಗೆ ಕಳಿಸಿಕೊಡಲಿ.