ಹದಿನೇಳರೊಳಗಿನವರಿಗೆ ವಿಶ್ವಕಪ್ ಬೇಕೇ?

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಕಿರಿಯರ ರಾಷ್ಟ್ರೀಯ ತಂಡಗಳಿಗಾಗಿ ಎರಡು ಹಂತದಲ್ಲಿ ವಿಶ್ವಕಪ್ ನಡೆಸುತ್ತದೆ. 19 ವರ್ಷದೊಳಗಿನ ಹುಡುಗರದು 1979ರಲ್ಲಿ ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಆರಂಭವಾಯಿತು. ಮೊದಲು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದದ್ದು ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. 17 ವರ್ಷದೊಳಗಿನವರದು ತೀರ ಈಚಿನದು. 2010ರಲ್ಲಿ ಹುಡುಗರು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಹುಡುಗಿಯರು ಫ್ರಾನ್ಸ್‌ನಲ್ಲಿ ಮೊದಲ ಸಲ ಆಡಿದರು. 19ರ ಹಂತದ ಬಗ್ಗೆ ದೊಡ್ಡ ತಕರಾರಿಲ್ಲ. ಹೈಸ್ಕೂಲು ದಾಟಿಯೂ ದಾಟದ ಮಕ್ಕಳನ್ನು ದೇಶದ ಹೆಸರಿನಲ್ಲಿ ಜಗತ್ತಿನ ಪದಕಕ್ಕಾಗಿ ಸೆಣಸಲು ಕಳಿಸಬೇಕೇ ಎಂಬುದು ಮಾತ್ರ ಗಂಭೀರವಾಗಿ ಚರ್ಚಿಸಬೇಕಾದ ಪ್ರಶ್ನೆ.

ಪರ

ಇರಲೇಬೇಕು ಎನ್ನುವವರ ಮೊದಲ ವಾದ ಕಲಿಕೆಯದು, ಮತ್ತು ಅದು ಗಟ್ಟಿ ವಾದ. ಸಣ್ಣ ದೇಶವೊಂದರ ಪಾಯಿಂಟ್ ಗಾರ್ಡ್‌ನನ್ನು, ಎಂದರೆ ಚೆಂಡನ್ನು ಮುಂದಕ್ಕೊಯ್ದು ಆಟ ನಡೆಸುವವನನ್ನು, ತೆಗೆದುಕೊಳ್ಳಿ. ಅವನ ಊರಿನಲ್ಲಿ ಅವನಷ್ಟು ಚುರುಕಿನ ಹುಡುಗ ಮತ್ತೊಬ್ಬನಿಲ್ಲ. ಚೆಂಡು ಸಿಕ್ಕರೆ ತಲೆಯೆತ್ತಿಕೊಂಡು, ಆರಾಮವಾಗಿ ಪುಟಿಸುತ್ತ ಮುಂದೆ ಹೋಗುವುದು ಅವನಿಗೆ ರೂಢಿ. ವಿಶ್ವಕಪ್‌ನಲ್ಲಿ ಎದುರಾಳಿಗಳು ಅವನದೇ ಅರ್ಧ ಅಂಕಣಕ್ಕೆ ಬಂದು ಮುತ್ತುತ್ತಾರೆ. ಎಂಟು ಸೆಕೆಂಡಿನೊಳಗೆ ಮಧ್ಯಗೆರೆ ದಾಟಿಸದಿದ್ದರೆ ಚೆಂಡು ಅವರ ಪಾಲು. ಒಬ್ಬ ಎದುರು ನಿಂತು ಅವನನ್ನು ಎಡಗೈ ಕಡೆಗೆ ತಿರುಗಿಸುತ್ತಾನೆ. ಪಕ್ಕದ ಗೆರೆ ಹತ್ತಿರವಾಗುತ್ತಿದ್ದಂತೆ ಇನ್ನೊಬ್ಬ ಬಂದು ಸೇರಿಕೊಳ್ಳುತ್ತಾನೆ. ಅಲ್ಲಿ ಗಾಬರಿಯಾಗಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದನೋ, ಮತ್ತೆ ಪುಟಿಸುವಂತಿಲ್ಲ, ಸಿಕ್ಕಿಬಿದ್ದಂತೆಯೇ. ಇಬ್ಬರು ಬರುವ ಮೊದಲೇ ಪಾಸ್ ಕೊಡಬೇಕು ಎಂಬುದನ್ನು ಕೋಚ್ ನೂರು ಸಲ ಹೇಳಿರಬಹುದು. ಮೈಗೆ ಹತ್ತುವುದು ಇಂಥ ಹತ್ತು ನಿಮಿಷದಲ್ಲಿ. ಅಷ್ಟು ವೇಗದ, ಅಷ್ಟು ಉದ್ದ ತೋಳಿನ ಎದುರಾಳಿ ತವರಿನಲ್ಲಿ ಸಿಗುವುದಿಲ್ಲ.

ಟೂರ್ನಿಯ ಏರ್ಪಾಡು ಕೂಡ ಈ ಕಲಿಕೆಗೆ ಅನುಕೂಲವಾಗಿದೆ. 16 ತಂಡಗಳಲ್ಲಿ ಸೋತ ತಂಡ ಮೂರನೇ ದಿನಕ್ಕೇ ಗಂಟುಮೂಟೆ ಕಟ್ಟಬೇಕಿಲ್ಲ. ಗುಂಪಿನ ಮೂರು ಪಂದ್ಯ, ಆಮೇಲೆ ಸ್ಥಾನ ನಿರ್ಣಯದ ಪಂದ್ಯಗಳು ಸೇರಿ ಪ್ರತಿ ತಂಡಕ್ಕೂ ಏಳು ಪಂದ್ಯ ಸಿಗುತ್ತವೆ. ಕೊನೆಯ ಸ್ಥಾನದ ತಂಡವೂ ಚಾಂಪಿಯನ್ ತಂಡದಷ್ಟೇ ಹೊತ್ತು ಆಡಿ ಹೋಗುತ್ತದೆ. ಇದನ್ನು ರೂಪಿಸಿದವರ ಬಗ್ಗೆ ಗೌರವ ಹುಟ್ಟುತ್ತದೆ.

ಎರಡನೆಯದು ಪೀಳಿಗೆ ಕಟ್ಟುವ ಮಾತು. 1987ರಲ್ಲಿ ಇಟಲಿಯ ಬೊರ್ಮಿಯೊದಲ್ಲಿ ಯುಗೊಸ್ಲಾವಿಯಾದ ಕಿರಿಯರು ಅಮೆರಿಕವನ್ನು ಸೋಲಿಸಿ ಗೆದ್ದರು. ಟೋನಿ ಕುಕೊಚ್ ಗುಂಪು ಹಂತದಲ್ಲಿ ಅಮೆರಿಕದ ಎದುರು 12 ಮೂರಂಕದ ಹೊಡೆತಗಳಲ್ಲಿ 11ನ್ನು ಬುಟ್ಟಿಗೆ ಹಾಕಿದ ಟೂರ್ನಿ ಅದು. ಅವನ ಜೊತೆಗಿದ್ದವರು ವ್ಲಾಡೆ ದಿವಾಟ್ಸ್, ದಿನೊ ರಾಜಾ. ಇವರಲ್ಲಿ ಕುಕೊಚ್ ಮತ್ತು ದಿವಾಟ್ಸ್ 1990ರಲ್ಲಿ ಹಿರಿಯರ ವಿಶ್ವ ಪ್ರಶಸ್ತಿ ಗೆದ್ದ ತಂಡದಲ್ಲೂ ಇದ್ದರು. 1999ರಲ್ಲಿ ಲಿಸ್ಬನ್‌ನಲ್ಲಿ ಗೆದ್ದ ಸ್ಪೇನ್ ಕಿರಿಯರ ತಂಡದಲ್ಲಿ ಹ್ವಾನ್ ಕಾರ್ಲೊಸ್ ನವಾರೊ, ಪೌ ಗಸೋಲ್ ಇದ್ದರು. ಅವರಿಬ್ಬರೂ ಇದ್ದ ಸ್ಪೇನ್ ತಂಡ 2006ರಲ್ಲಿ ಜಪಾನ್‌ನಲ್ಲಿ ವಿಶ್ವ ಚಾಂಪಿಯನ್ ಆಯಿತು. ಜೊತೆಯಾಗಿ ಬೆಳೆದವರು ಜೊತೆಯಾಗಿ ಗೆಲ್ಲುತ್ತಾರೆ, ಹಾಗಾಗಿ ಎಷ್ಟು ಬೇಗ ಸೇರಿಸಿದರೆ ಅಷ್ಟು ಒಳ್ಳೆಯದು ಎನ್ನುತ್ತಾರೆ ಪರವಾದಿಗಳು.

ಮೂರನೆಯದು ಮಾರುಕಟ್ಟೆಯ ವಿಷಯ. ಲುಕಾ ಡಾನ್ಚಿಚ್ 13ರ ಪ್ರಾಯದಲ್ಲೇ ಸ್ಲೊವೇನಿಯಾದಿಂದ ರಿಯಲ್ ಮ್ಯಾಡ್ರಿಡ್ ಕ್ಲಬ್ ಸೇರಿದ. ಕ್ಲಬ್ಬುಗಳು ಮಕ್ಕಳನ್ನು ಹುಡುಕುವುದನ್ನು ಯಾರೂ ತಡೆದಿಲ್ಲ. ಹೀಗಿರುವಾಗ ಮಾಲೀಕರಿಲ್ಲದ, ಹಣದ ಒಪ್ಪಂದವಿಲ್ಲದ ರಾಷ್ಟ್ರೀಯ ತಂಡದ ಬಾಗಿಲನ್ನೇ ಮುಚ್ಚುವುದು ಯಾವ ನ್ಯಾಯ? ಹುಡುಗಿಯರ ಮಟ್ಟಿಗೆ ಈ ಪ್ರಶ್ನೆ ಇನ್ನೂ ಹರಿತ. ಭಾರತದಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಗೆ ಬದುಕಿನ ದಾರಿ ಎಂದರೆ ಬಹುಮಟ್ಟಿಗೆ ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ನೌಕರಿ. ದೇಶದ ಜೆರ್ಸಿ ತೊಟ್ಟ ಪ್ರಮಾಣಪತ್ರಕ್ಕೆ ಅಲ್ಲಿ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ. ಮಗಳನ್ನು ಸಂಜೆ ಅಭ್ಯಾಸಕ್ಕೆ ಕಳಿಸಲು ಹಿಂಜರಿಯುವ ಮನೆಯವರ ಮನಸ್ಸು ಬದಲಾಗುವುದೂ ಆ ಜೆರ್ಸಿಯಿಂದಲೇ.

ವಿರೋಧ

ಇಷ್ಟನ್ನೂ ಒಪ್ಪಿಕೊಂಡ ಮೇಲೂ ನನ್ನ ಮತ ಈ ಕಡೆಗೆ. 19ರ ವಿಶ್ವಕಪ್ ಉಳಿಯಬೇಕು, 17ರದ್ದು ನಿಲ್ಲಬೇಕು. ಪರವಾದಿಗಳು ಮುಂದಿಡುವ ಒಳ್ಳೆಯ ಸಾಕ್ಷ್ಯವೆಲ್ಲ 19ರ ಹಂತದ್ದು ಎಂಬುದನ್ನು ಮೊದಲು ಗಮನಿಸಬೇಕು. ಬೊರ್ಮಿಯೊ, ಲಿಸ್ಬನ್ ಎರಡೂ ಆ ವಯಸ್ಸಿನವರ ಟೂರ್ನಿಗಳು. 17ರ ಹಂತದ ಲೆಕ್ಕ ಬೇರೆಯೇ ಇದೆ. 2010ರಿಂದ 2024ರವರೆಗೆ ನಡೆದ ಹುಡುಗರ ಎಲ್ಲ ಟೂರ್ನಿಗಳನ್ನೂ ಅಮೆರಿಕ ಒಂದೂ ಪಂದ್ಯ ಸೋಲದೆ ಗೆದ್ದಿದೆ. 2024ರಲ್ಲಿ ಇಸ್ತಾಂಬುಲ್‌ನ ಫೈನಲ್‌ನಲ್ಲಿ ಇಟಲಿಯನ್ನು 129–88ರಿಂದ ಮಣಿಸಿತು. ಹುಡುಗಿಯರಲ್ಲಿ ಒಂದೇ ಒಂದು ಸಲ, 2016ರಲ್ಲಿ, ಆಸ್ಟ್ರೇಲಿಯಾ ಆ ಸಾಲನ್ನು ಮುರಿಯಿತು. ಅದೇ 19ರ ಹಂತದಲ್ಲಿ ಗ್ರೀಸ್, ಸರ್ಬಿಯಾ, ಲಿಥುವೇನಿಯಾ, ಕೆನಡಾ ಹುಡುಗರೆಲ್ಲ ಗೆದ್ದಿದ್ದಾರೆ. 2019ರಲ್ಲಿ ಮಾಲಿ ಫೈನಲ್ ತಲುಪಿತು. ಎರಡೇ ವರ್ಷದಲ್ಲಿ ಈ ವ್ಯತ್ಯಾಸ ಏಕೆ? 16–17ರಲ್ಲಿ ಗೆಲ್ಲಿಸುವುದು ಬಹುಮಟ್ಟಿಗೆ ಬೇಗ ಬಲಿತ ಮೈ, ಮತ್ತು ಅಂಥ ಮೈಗಳನ್ನು ಹೆಚ್ಚು ಮಕ್ಕಳ ನಡುವಿನಿಂದ ಆರಿಸಬಲ್ಲ ದೇಶ. ಆಟದ ತಿಳಿವಳಿಕೆ ಆ ಅಂತರವನ್ನು ತುಂಬಲು ಇನ್ನೂ ಸಮಯ ಬೇಕು.

ವಯಸ್ಸಿನ ಗೆರೆಯನ್ನೇ ನೋಡಿ. ಜನವರಿ 1 ಫಿಬಾದ ಗಡಿ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಸಮವಯಸ್ಕರು ಎಂದೇ ಲೆಕ್ಕ. ಮೂವತ್ತು ದಾಟಿದವರಲ್ಲಿ ಹನ್ನೊಂದು ತಿಂಗಳು ಏನೂ ಅಲ್ಲ, ಹದಿನೈದರಲ್ಲಿ ಅದು ನಾಲ್ಕು ಬೆರಳಿನಷ್ಟು ಎತ್ತರ. ಕಿರಿಯರ ಆಯ್ಕೆಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದನ್ನು ಸಂಶೋಧಕರು ಹಲವು ಆಟಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಜನನ ದಾಖಲೆ ಸಡಿಲವಾಗಿರುವ ದೇಶಗಳಲ್ಲಿ ತೊಡಕು ಇನ್ನೂ ದೊಡ್ಡದು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಂಡ ಹುಟ್ಟಿದ ತಾರೀಖು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ಅನುಮಾನ ಬಂದಾಗ ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಾರೆ. ಮುಂಗೈ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ತೆಳ್ಳನೆಯ ಕಪ್ಪು ಗೆರೆಯಾಗಿ ಕಾಣುತ್ತದೆ, ಬೆಳವಣಿಗೆ ಮುಗಿದಂತೆ ಅದು ಮುಚ್ಚಿಕೊಳ್ಳುತ್ತದೆ. ಆದರೆ ಆ ಗೆರೆ ಹೇಳುವುದು ಮೂಳೆ ಎಷ್ಟು ಬಲಿತಿದೆ ಎಂಬುದನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬಲಿತ ಪ್ರಾಮಾಣಿಕ ಹುಡುಗ ಕಳ್ಳನೆನಿಸಿಕೊಳ್ಳಬಹುದು, ನಿಧಾನಕ್ಕೆ ಬೆಳೆಯುವ ಹಿರಿಯ ನುಸುಳಿಹೋಗಬಹುದು.

ಬೇಗ ಸೇರಿಸಿದರೆ ಒಳ್ಳೆಯದು ಎಂಬ ವಾದಕ್ಕೆ 2021ರಲ್ಲಿ ಲಾಟ್ವಿಯಾದ ರೀಗಾದಲ್ಲಿ ನಡೆದ 19ರೊಳಗಿನವರ ವಿಶ್ವಕಪ್ಪೇ ಉತ್ತರ ಕೊಡುತ್ತದೆ. ಟೂರ್ನಿಯ ಶ್ರೇಷ್ಠ ಐವರಲ್ಲಿ ಕೆನಡಾದ ಝ್ಯಾಕ್ ಈಡಿ ಇದ್ದ. ಹದಿಹರೆಯದ ನಡುವಿನವರೆಗೆ ಅವನು ಆಡುತ್ತಿದ್ದದ್ದು ಬೇಸ್‌ಬಾಲ್, ಐಸ್ ಹಾಕಿ. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹತ್ತನೆಯ ತರಗತಿಯಲ್ಲಿ. ಆಮೇಲೆ ಎರಡು ವರ್ಷ ಸತತವಾಗಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅತ್ಯುತ್ತಮ ಆಟಗಾರನಾದ. ಐವರಲ್ಲಿ ಇನ್ನೊಬ್ಬ ಸರ್ಬಿಯಾದ ನಿಕೊಲಾ ಯೊವಿಚ್, ಹುಟ್ಟಿದ್ದು 2003ರಲ್ಲಿ. ಅವನ ವಯಸ್ಸಿನವರು ಆಡಬೇಕಿದ್ದ 2020ರ 17ರೊಳಗಿನವರ ವಿಶ್ವಕಪ್ ಕೋವಿಡ್‌ನಿಂದ ರದ್ದಾಗಿತ್ತು. ಆ ಟೂರ್ನಿ ತಪ್ಪಿತೆಂದು ಅವನ ಆಟವೇನೂ ನಿಲ್ಲಲಿಲ್ಲ, ಮರು ವರ್ಷವೇ ಜಗತ್ತಿನ ಮೊದಲ ಐವರಲ್ಲಿ ನಿಂತ. ಇನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾಗಿ ಮುಂದೆ ಬೆಳೆದ ನಿಕೊಲಾ ಯೊಕಿಚ್ 2013ರಲ್ಲಿ 19ರ ಹಂತದಲ್ಲಿ ಬೆಳ್ಳಿ ಗೆದ್ದ ಸರ್ಬಿಯಾ ತಂಡದಲ್ಲಿದ್ದರೂ ಮರುವರ್ಷ ಎನ್‌ಬಿಎ ತಂಡಗಳು ಅವನನ್ನು ಆರಿಸಿದ್ದು 41ನೆಯವನಾಗಿ. 19ರಲ್ಲೇ ಪಾರಖಿಗಳ ಕಣ್ಣು ಇಷ್ಟು ತಪ್ಪುವಾಗ 16ರಲ್ಲಿ ಯಾರ ಕೈಬಿಡುತ್ತಿದ್ದೇವೆ ಎಂದು ಯಾರು ಹೇಳಬಲ್ಲರು?

17ರ ವಿಶ್ವಕಪ್ 17ಕ್ಕೇ ನಿಲ್ಲುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಅರ್ಹತೆ ಸಿಗುವುದು ಹಿಂದಿನ ವರ್ಷದ 16ರೊಳಗಿನವರ ಖಂಡ ಮಟ್ಟದ ಟೂರ್ನಿಯಿಂದ. ಅದಕ್ಕೆ ಶಿಬಿರ, ಶಿಬಿರಕ್ಕೆ ಆಯ್ಕೆ ಎಂದು ಹಿಂದಕ್ಕೆ ಎಣಿಸಿದರೆ 14ರ ಮಗುವಿಗೆ ಬಂದು ಮುಟ್ಟುತ್ತದೆ. ಒಂದೇ ಆಟಕ್ಕೆ ಮಕ್ಕಳನ್ನು ಕಟ್ಟಿಹಾಕುವುದನ್ನು ಕನಿಷ್ಠ 14ರವರೆಗೆ ಮುಂದೂಡಿ ಎಂದು ಎನ್‌ಬಿಎ ಮತ್ತು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ 2016ರಲ್ಲಿ ಜಂಟಿಯಾಗಿ ಕೊಟ್ಟ ಸಲಹೆ ಇದೆ. 14ರಲ್ಲೇ ಆಯ್ಕೆಯಾಗಬೇಕಾದ ಮಗು ಆ ಸಲಹೆಯನ್ನು ಹೇಗೆ ಪಾಲಿಸೀತು?

ಮಾರುಕಟ್ಟೆಯ ಮಾತಿಗೆ ಬರೋಣ. ಕ್ಲಬ್ಬುಗಳು ಮಕ್ಕಳನ್ನು ಎಳೆಯುತ್ತಿರುವುದು ನಿಜ. ಆದರೆ ಒಂದು ಕ್ಲಬ್ ಕೆಟ್ಟದಾಗಿ ನಡೆಸಿಕೊಂಡರೆ ತಂದೆತಾಯಿ ಇನ್ನೊಂದನ್ನು ಹುಡುಕಬಹುದು. ರಾಷ್ಟ್ರೀಯ ಫೆಡರೇಷನ್‌ಗೆ ಬದಲಿಯೇ ಇಲ್ಲ. 2021ರ ಜೂನ್‌ನಲ್ಲಿ ಮಾಲಿಯ ಕಿರಿಯ ಹುಡುಗಿಯರ ರಾಷ್ಟ್ರೀಯ ತಂಡದಲ್ಲಿ ನಡೆದ ಲೈಂಗಿಕ ದೌರ್ಜನ್ಯ ಬಯಲಾಯಿತು. ಫಿಬಾ ನೇಮಿಸಿದ ತನಿಖಾಧಿಕಾರಿ ರಿಚರ್ಡ್ ಮೆಕ್‌ಲಾರೆನ್, ಆಟಗಾರ್ತಿಯರ ಮೇಲಿನ ದೌರ್ಜನ್ಯವನ್ನು ಒಪ್ಪಿಕೊಂಡು ಹೋಗುವುದು ಅಲ್ಲಿನ ಫೆಡರೇಷನ್‌ನಲ್ಲಿ ವ್ಯವಸ್ಥೆಯೇ ಆಗಿಹೋಗಿತ್ತು ಎಂದು ವರದಿ ಕೊಟ್ಟರು. ಅದೇ ಆಗಸ್ಟ್‌ನಲ್ಲಿ ಮಾಲಿಯ ಹುಡುಗಿಯರು ಹಂಗೇರಿಯ ಡೆಬ್ರೆಸೆನ್‌ನಲ್ಲಿ 19ರ ವಿಶ್ವಕಪ್‌ನ ನಾಲ್ಕನೇ ಸ್ಥಾನ ಪಡೆದರು. ಈ ಸಾಧನೆ ದೊಡ್ಡದು. ಅದಕ್ಕಾಗಿ ಅವರು ಸಹಿಸಬೇಕಾಗಿ ಬಂದದ್ದನ್ನು ಯಾವ ಪದಕವೂ ಸರಿದೂಗಿಸದು. ಈ ಅಪಾಯ 19ರ ಹಂತದಲ್ಲೂ ಇದೆಯಲ್ಲ ಎಂದರೆ, ಹೌದು, ಇದೆ. ದೂರು ಕೇಳಲು ಫೆಡರೇಷನ್ನಿನ ಹೊರಗಿನವರನ್ನು ನೇಮಿಸದ ದೇಶಕ್ಕೆ ಆ ಹಂತದಲ್ಲೂ ಪ್ರವೇಶ ಸಿಗಬಾರದು. ಆದರೆ ಆಯ್ಕೆಗಾರನ ಒಂದು ಮಾತಿಗೆ ಭವಿಷ್ಯವನ್ನೇ ಒಪ್ಪಿಸಿ ಕುಳಿತ ಮಗು ಎಷ್ಟು ಎಳೆಯದೋ ಬಾಯಿ ಬಿಡುವುದು ಅಷ್ಟು ಕಷ್ಟ. ರಾಷ್ಟ್ರೀಯತೆ ಬದಲಿಸುವ ವಿಷಯದಲ್ಲಿ ಫಿಬಾ ನಿಯಮವೂ 17 ತುಂಬಿದ ಮೇಲೆ ಆಡಿದ್ದನ್ನೇ ಆಟಗಾರನನ್ನು ಒಂದು ದೇಶಕ್ಕೆ ಕಟ್ಟುವ ಗೆರೆಯಾಗಿ ಹಿಡಿಯುತ್ತದೆ. ಅದಕ್ಕಿಂತ ಮುಂಚಿನದು ಮಗುವಿನ ಪೂರ್ಣ ನಿರ್ಧಾರವಲ್ಲ ಎಂಬುದು ಅದರಲ್ಲಿಯೇ ಅಡಗಿದೆ.

ಉಳಿದದ್ದು ಹುಡುಗಿಯರ ಜೆರ್ಸಿಯ ಪ್ರಶ್ನೆ, ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ ಪ್ರಶ್ನೆ. ಆದರೆ ಆ ಜೆರ್ಸಿಗೆ ವಿಶ್ವಕಪ್ಪೇ ಬೇಕಿಲ್ಲ. 2017ರ ಅಕ್ಟೋಬರ್‌ನಲ್ಲಿ 16 ವರ್ಷದೊಳಗಿನ ಹುಡುಗಿಯರ ಏಷ್ಯಾ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲೇ ನಡೆಯಿತು. ತಂಡಗಳನ್ನು ಎರಡು ವಿಭಾಗ ಮಾಡಲಾಗಿತ್ತು. ಭಾರತದ ಹುಡುಗಿಯರು ತಮ್ಮ ಮಟ್ಟದವರ ಜೊತೆ ಬಿ ವಿಭಾಗದಲ್ಲಿ ಆಡಿ ಗೆದ್ದು, ಮೇಲಿನ ವಿಭಾಗಕ್ಕೆ ಏರಿದರು. ಹತ್ತಿರದ ಊರು, ಸರಿಸಮ ಎದುರಾಳಿ, ಗೆದ್ದರೆ ಒಂದು ಮೆಟ್ಟಿಲು ಮೇಲೆ: ಈ ವಯಸ್ಸಿಗೆ ಇಷ್ಟು ಸಾಕು. ಖಂಡ ಮಟ್ಟದ ಈ ಟೂರ್ನಿಗಳು ಎರಡು ವಿಭಾಗಗಳಲ್ಲಿ ನಡೆಯುತ್ತಲೇ ಇರಲಿ, ಅವುಗಳ ಪ್ರಮಾಣಪತ್ರಕ್ಕೆ ಕ್ರೀಡಾ ಕೋಟಾದಲ್ಲಿ ಪೂರ್ಣ ಅಂಕ ಸಿಗಲಿ. 17ರ ವಿಶ್ವಕಪ್‌ಗೆ ಖರ್ಚಾಗುವ ಹಣವನ್ನು ಫಿಬಾ 19ರ ಟೂರ್ನಿಯನ್ನು 16 ತಂಡಗಳಿಂದ 24ಕ್ಕೆ ಏರಿಸಲು ಬಳಸಲಿ, ಹೊಸ ಎಂಟು ಸ್ಥಾನಗಳು ಏಷ್ಯಾ ಮತ್ತು ಆಫ್ರಿಕಾಕ್ಕೆ ಹೋಗಲಿ.