ಗ್ಯಾರೇಜಿನ ಪೀಪಾಯಿ

ಈ ಅಂಕಣ ಎರಡು ಸಂಚಿಕೆಗಳಲ್ಲಿ ಕಾಣಲಿಲ್ಲವೆಂದು ಕೆಲವು ವಾಚಕ ಬಂಧುಗಳು ಪತ್ರ ಬರೆದು ವಿಚಾರಿಸಿದ್ದರು. ಅವರ ಅಕ್ಕರೆಗೆ ಋಣಿಯಾಗಿದ್ದೇನೆ. 2025ರ ಬೇಸಗೆಯಲ್ಲಿ ನಾನೂ ನನ್ನಾಕೆಯೂ ಮಗಳ ಮನೆಯಲ್ಲಿ ಮೂರು ತಿಂಗಳು ಕಳೆಯಲೆಂದು ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿಗೆ ಹೋಗಿದ್ದೆವು. ಅಲ್ಲಿಯ ಹಸುರು, ಅಲ್ಲಿಯ ಮಳೆ, ರಸ್ತೆಗಳ ಅಚ್ಚುಕಟ್ಟು ಇವುಗಳ ವಿಷಯವನ್ನು ಹೋಗಿಬಂದವರೆಲ್ಲರೂ ಬರೆದಾಗಿದೆ. ನಾನೂ ಬರೆದು ಪುಟ ತುಂಬಿಸಲಾರೆ. ನನ್ನ ಮನಸ್ಸಿನಲ್ಲಿ ಇನ್ನೂ ಕುಳಿತಿರುವುದು ಅಳಿಯಂದಿರ ಗ್ಯಾರೇಜಿನ ಮೂಲೆಯಲ್ಲಿದ್ದ ಒಂದು ಬಿಳಿಯ ಪೀಪಾಯಿ.

ಅದನ್ನು ಮೊದಲು ಕಂಡವಳು ನನ್ನಾಕೆ. ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣದೊಂದು ಗಾಜಿನ ಕೊಳವೆ. ಅದರಲ್ಲಿ ಕ್ಷಣಕ್ಕೊಂದು ಗುಳ್ಳೆ. ಹುಳಿಬಂದ ದೋಸೆಹಿಟ್ಟಿನ ವಾಸನೆ. "ಯಾರೋ ಹಿಟ್ಟು ರುಬ್ಬಿ ಇಲ್ಲಿ ಮರೆತಿದ್ದಾರೆ" ಎಂದು ಅವಳು ಮಗಳನ್ನು ಕೂಗಿದಳು. ಮಗಳು ಬಂದು ನನ್ನ ಮುಖವನ್ನೂ ತಾಯಿಯ ಮುಖವನ್ನೂ ಸರದಿಯಾಗಿ ನೋಡಿ, "ಅದು ಬಿಯರು, ಅಪ್ಪ" ಎಂದಳು.

ನಮ್ಮದು ಮದ್ಯ ಮುಟ್ಟದ ಮನೆ. ಆದರೆ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಚಪಲವೂ ಇದೆಯಲ್ಲ! ಮೊದಲ ದಿನ ಮೌನವಾಗಿದ್ದೆ. ಎರಡನೆಯ ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತೆ. ಮೂರನೆಯ ದಿನ ಕುರ್ಚಿ ಹಾಕಿಸಿಕೊಂಡು ಕುಳಿತೆ. ಅಳಿಯಂದಿರಿಗೂ ಸಂಕೋಚ ಕಳೆಯಿತು.

ವಿಷಯ ನಮಗೆ ಅಪರಿಚಿತವೇನಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಹದವಾಗಿ ಒಣಗಿಸಿದರೆ ಅದೇ ಮಾಲ್ಟ್. ಘಟ್ಟದ ಮೇಲಿನ ತಾಯಂದಿರು ಮೊಳಕೆ ರಾಗಿಯ ಹಿಟ್ಟಿನಲ್ಲಿ ಕೂಸಿಗೆ ಸರಿ ಕಾಸುವಾಗ ಅದು ತೆಳ್ಳಗಾಗಿ ಸಿಹಿಯೇರುವುದನ್ನು ಕಂಡಿದ್ದೀರಿ. ಮೊಳೆಯುವ ಧಾನ್ಯದಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಕಡಿದು ಸಕ್ಕರೆ ಮಾಡುವುದೇ ಅದಕ್ಕೆ ಕಾರಣ. ಬಿಯರಿನಲ್ಲಿಯೂ ಅದೇ. ಸುಮಾರು 4 ಕಿಲೊಗ್ರಾಂ ಮಾಲ್ಟನ್ನು ತರಿಯಾಗಿ ಒಡೆದು, 65ರಿಂದ 67 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರು. ಬಿಸಿ ಇದಕ್ಕಿಂತ ಬಹಳ ಏರಿದರೆ ಕಿಣ್ವ ಸಾಯುತ್ತದೆ; ಇಳಿದರೆ ಕೆಲಸ ಸೋಮಾರಿಯಾಗುತ್ತದೆ. ಬಳಿಕ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ, ಇನ್ನೊಂದು ಗಂಟೆ ಕುದಿಸಿದರು. ಈ ಹೂ ಗಾಂಜಾ ಗಿಡದ ಕುಟುಂಬಕ್ಕೇ ಸೇರಿದುದು. ಆದರೆ ಅಮಲಿನ ಗುಣ ಅದಕ್ಕಿಲ್ಲ. ಕಹಿ ಕೊಡುವುದು ಮತ್ತು ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯುವುದು ಅದರ ಕೆಲಸ. ತಣಿಸಿದ ಮೇಲೆ 11 ಗ್ರಾಂ ಯೀಸ್ಟ್ ಉದುರಿಸಿ, ಪೀಪಾಯಿಗೆ ತುಂಬಿ ಮುಚ್ಚಿದರು. ಎಲ್ಲ ಸೇರಿ 23 ಲೀಟರು. ಅದು ಅಲ್ಲಿನವರ ಹಳೆಯ 5 ಗ್ಯಾಲನ್ನಿನ ಲೆಕ್ಕ.

ಅಡುಗೆಮನೆಯ ಮಡಿಯನ್ನು ಮೀರಿದ ಮಡಿ ಅಲ್ಲಿ ನಡೆಯುತ್ತದೆ. ಕುದಿದು ತಣಿದ ದ್ರವಕ್ಕೆ ತಗಲುವ ಪ್ರತಿಯೊಂದು ಚಮಚ, ಕೊಳವೆ, ಮುಚ್ಚಳ ಶುದ್ಧಿಯಾಗಿರಬೇಕು. ಗಾಳಿಯ ಸೂಕ್ಷ್ಮಜೀವಿಯೊಂದು ನುಸುಳಿದರೆ ಇಡೀ ಪೀಪಾಯಿ ಹುಳಿಯಾಗುತ್ತದೆ. ನಮ್ಮ ಸೀಮೆಯ ಕಳ್ಳಾದರೋ ಈ ಯಾವ ಮಡಿಯನ್ನೂ ಕೇಳುವುದಿಲ್ಲ. ಮುಂಜಾನೆ ಇಳಿಸಿದಾಗ ಸಿಹಿ, ಸಂಜೆಗೆ ಕಡುಹುಳಿ. ಕಾಡು ಯೀಸ್ಟು ತಾನಾಗಿ ಬಂದು ತಾನಾಗಿ ದುಡಿದುಹೋಗುತ್ತದೆ. ಕೆಡುವ ಬಿಯರಿನ ರೋಗ ಹುಡುಕುತ್ತ ಪಾಶ್ಚರ್ ಮಹಾಶಯನು 1876ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸೆನ್ ಎಂಬವನು ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿ ತೋರಿಸಿದನು. ತರಗತಿಯಲ್ಲಿ ಇವರಿಬ್ಬರ ಹೆಸರನ್ನೂ ಉರುಹೊಡೆಸಿದ್ದ ನನಗೆ, ಅವರ ಕೆಲಸವನ್ನು ಕಣ್ಣಾರೆ ನೋಡುವ ಯೋಗ ಬಂದದ್ದು ಎಪ್ಪತ್ತನೆಯ ವಯಸ್ಸಿನಲ್ಲಿ, ಒಂದು ಗ್ಯಾರೇಜಿನಲ್ಲಿ!

"ಪೊಲೀಸರು ಬರುವುದಿಲ್ಲವೇ?" ಎಂದು ನನ್ನಾಕೆ ಪ್ರತಿದಿನವೂ ಕೇಳುತ್ತಿದ್ದಳು. ಅವಳ ಆತಂಕ ಅಕಾರಣವಲ್ಲ. ನಮ್ಮ ಕೇರಳದ ಅಬ್ಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧವೇ. ಬ್ರಿಟನ್ನಿನಲ್ಲಿಯೂ 1880ರಿಂದ ಮನೆಯ ಬಿಯರಿಗೆ ಪರವಾನಗಿ ಬೇಕಾಗಿತ್ತು. 1963ರ ಮುಂಗಡಪತ್ರದಲ್ಲಿ ಅರ್ಥಮಂತ್ರಿ ಮಾಡ್ಲಿಂಗ್ ಅದನ್ನು ರದ್ದುಪಡಿಸಿದರು. ಅಂದಿನಿಂದ ಸ್ವಂತಕ್ಕೆ ಎಷ್ಟಾದರೂ ಮಾಡಿಕೊಳ್ಳಬಹುದು. ಒಂದು ಲೋಟವನ್ನೂ ಮಾರುವಂತಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಎಂದು ಮಿತಿಯಿಟ್ಟಿತು. ಆದರೂ ಅಲ್ಲಿಯ ರಾಜ್ಯಗಳ ಕಾನೂನು ಬೇರೆ. ಅಲಬಾಮ ಮತ್ತು ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಹುದುಗಿಸುವುದಕ್ಕೆ ಮಾತ್ರ ಈ ಸಲುಗೆ. ಬಟ್ಟಿಯಿಳಿಸುವುದಕ್ಕೆ ಈ ಎರಡು ದೇಶಗಳಲ್ಲಿಯೂ ಇಲ್ಲ.

ಜುಲೈ ತಿಂಗಳ ಒಂದು ರಾತ್ರಿ ಗ್ಯಾರೇಜಿನಲ್ಲಿ ಕದಿನಿ ಸಿಡಿದಂಥ ಸದ್ದಾಯಿತು. ಹಿಂದೆಯೇ ಇನ್ನೊಂದು. ದೀಪ ಹಾಕಿ ನೋಡಿದರೆ ನೆಲದ ತುಂಬ ನೊರೆ, ಗೋಡೆಯಲ್ಲಿ ಗಾಜಿನ ಚೂರು. ಹಿಂದಿನ ವಾರ ತುಂಬಿಸಿದ ಎರಡು ಸೀಸೆಗಳು ಒಡೆದಿದ್ದವು. ತಪ್ಪು ಏನೆಂದು ಬೆಳಗ್ಗೆ ಲೆಕ್ಕ ಹಾಕಿದೆವು. ಸಾಂದ್ರತೆ ಅಳೆಯುವ ಗಾಜಿನ ಸಲಾಕೆಯೊಂದಿದೆ, ಹೈಡ್ರೊಮೀಟರು. ಮೊದಲ ದಿನ ಅದು 1.045 ತೋರಿಸಿತ್ತು. ಸಕ್ಕರೆಯೆಲ್ಲ ಹುದುಗಿ 1.010ಕ್ಕೆ ಇಳಿದು, ಎರಡು ಮೂರು ದಿನ ಅಲ್ಲಿಯೇ ನಿಂತ ಮೇಲೆ ಸೀಸೆಗೆ ತುಂಬಬೇಕು. ಆಗ ನೂರಕ್ಕೆ ನಾಲ್ಕೂವರೆಯಷ್ಟು ಆಲ್ಕೊಹಾಲ್ ಇರುತ್ತದೆ. ಅಳಿಯಂದಿರು ಅಳತೆಯನ್ನು ಬಿಟ್ಟು ಕ್ಯಾಲೆಂಡರನ್ನು ನಂಬಿ, 1.018ರಲ್ಲಿಯೇ ತುಂಬಿದ್ದರು. ಸಾಲದೆಂಬಂತೆ ನೊರೆಗಾಗಿ ಲೀಟರಿಗೆ 6 ಗ್ರಾಂ ಸಕ್ಕರೆಯನ್ನೂ ಬೆರೆಸಿದ್ದರು. ಉಳಿದ ಸಕ್ಕರೆಯೂ ಹೊಸ ಸಕ್ಕರೆಯೂ ಸೇರಿ ಸೀಸೆಯೊಳಗೆ ಇಂಗಾಲದ ಡೈಆಕ್ಸೈಡು ಒತ್ತಿಕೊಂಡು, ಗಾಜು ತಾಳಲಿಲ್ಲ. ಹಗಲಿನ ಹೊತ್ತು ಮೊಮ್ಮಗಳು ಅಲ್ಲಿಯೇ ಸೈಕಲ್ ಇಡುತ್ತಿದ್ದಳು. ಆ ಯೋಚನೆ ಬಂದೊಡನೆ ಅಳಿಯಂದಿರ ಮುಖ ಬಿಳಿಚಿತು. ಉಳಿದ ಸೀಸೆಗಳಿಗೆ ದಪ್ಪ ಕಂಬಳಿ ಹೊದಿಸಿ, ಕೈಗೆ ತೊಗಲಿನ ಚೀಲ ಹಾಕಿಕೊಂಡು ಒಂದೊಂದನ್ನೇ ತೆರೆದು ಚರಂಡಿಗೆ ಸುರಿದರು. ನನ್ನಾಕೆ ಒಂದು ಮಾತನ್ನೂ ಆಡಲಿಲ್ಲ. ಗೋಡೆಯ ಚೂರುಗಳನ್ನು ತಾನೇ ನಿಂತು ಗುಡಿಸಿದಳು.

ಆಗಸ್ಟ್ ತಿಂಗಳಲ್ಲಿ ಬಂದ ಸುದ್ದಿ ಬೇರೆಯದು. ಕುವೈತಿನಲ್ಲಿ ಕಳ್ಳಮದ್ಯ ಕುಡಿದು 23 ಮಂದಿ ಸತ್ತರು. 160 ಮಂದಿ ವಿಷಪ್ರಾಶನಕ್ಕೆ ಗುರಿಯಾದರು ಎಂದು ಅಲ್ಲಿಯ ಆರೋಗ್ಯ ಇಲಾಖೆ ತಿಳಿಸಿತು. ಹೆಚ್ಚಿನವರು ಏಷ್ಯದ ಕೆಲಸಗಾರರು. ನಮ್ಮ ದೇಶದವರೂ ಇದ್ದರು. ಕಾಸರಗೋಡಿನ ಕಡೆ ಗಲ್ಫಿನಲ್ಲಿ ಒಬ್ಬರೂ ಇಲ್ಲದ ಕೇರಿಯುಂಟೇ? ನಮ್ಮ ನೆರೆಮನೆಯ ಹುಡುಗನೂ ಕುವೈತಿನಲ್ಲಿದ್ದಾನೆ. ಅವನ ತಾಯಿ ಇಂಗ್ಲೆಂಡಿಗೆ ನನಗೆ ಫೋನು ಮಾಡಿ, "ಮಾಸ್ಟ್ರೇ, ನಿನ್ನೆಯಿಂದ ಅವನು ಫೋನು ಎತ್ತುತ್ತಿಲ್ಲ" ಎಂದು ಅತ್ತರು. ನಾನೇನು ಮಾಡಲಿ? ಅಳಿಯಂದಿರು ಅಲ್ಲಿಯ ಪರಿಚಿತರೊಬ್ಬರನ್ನು ಹುಡುಕಿದರು. ಹನ್ನೊಂದು ಗಂಟೆಗಳ ಮೇಲೆ ಹುಡುಗನ ದನಿ ಕೇಳಿತು. ಫೋನು ಕೆಟ್ಟಿತ್ತಂತೆ, ರಾತ್ರಿ ಪಾಳಿ ಮುಗಿಸಿ ಮಲಗಿದ್ದನಂತೆ. ಅವನು ಕುಡಿಯುವವನೇ ಅಲ್ಲ. ಆದರೆ ಆ ಹನ್ನೊಂದು ಗಂಟೆ ಆ ತಾಯಿಗೆ ಅದನ್ನು ಯಾರು ಖಾತರಿ ಮಾಡಿಯಾರು?

ಆ ಸಂಜೆ ನನ್ನಾಕೆ ಪೀಪಾಯಿಯನ್ನು ತೋರಿಸಿ ಕೇಳಿದಳು: "ಇದರಲ್ಲೂ ಆ ವಿಷ ಹುಟ್ಟುತ್ತದೆಯೇ?" ಇದನ್ನು ಬಿಡಿಸಿ ಹೇಳುವುದು ಅಗತ್ಯ. ಪ್ರಾಣ ತೆಗೆಯುವುದು ಮೆಥನಾಲ್. ಧಾನ್ಯವನ್ನು ಹುದುಗಿಸಿದಾಗ ಅದು ಹುಟ್ಟುವುದು ತೀರ ಅತ್ಯಲ್ಪ. ಪೆಕ್ಟಿನ್ ಹೆಚ್ಚಿರುವ ಹಣ್ಣುಗಳಲ್ಲಿ ಸ್ವಲ್ಪ ಹೆಚ್ಚು. ಸಾಮೂಹಿಕ ಸಾವುಗಳಿಗೆ ಸಾಮಾನ್ಯ ಕಾರಣ ಲೋಭ: ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲನ್ನು ಅಗ್ಗವೆಂದು ಮದ್ಯಕ್ಕೆ ಬೆರೆಸಿ ಮಾರುವುದು. ಬಣ್ಣವಿಲ್ಲ, ರುಚಿಯಿಂದ ಗುರುತಿಸಲಾಗದು. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕುಡಿದೊಡನೆ ಏನೂ ತಿಳಿಯದು. ಅರ್ಧ ದಿನ, ಒಂದು ದಿನ ಕಳೆದ ಮೇಲೆ ವಾಂತಿ, ಹೊಟ್ಟೆನೋವು, ಕಣ್ಣಿಗೆ ಮಂಜು. ಅಮಲು ಇಳಿಯುತ್ತಿದೆಯೆಂದು ಮಲಗಿಬಿಟ್ಟವನು ಏಳದೆ ಹೋದಾನು. ತಡಮಾಡದೆ ಆಸ್ಪತ್ರೆ ಸೇರಿದರೆ ಪ್ರತಿವಿಷವೂ ರಕ್ತ ಶೋಧಿಸುವ ಡಯಾಲಿಸಿಸೂ ಉಳಿಸಬಲ್ಲವು. ಆದರೆ ಕಾನೂನಿನ ಭಯದಿಂದ ಬಡಪಾಯಿ ಕೆಲಸಗಾರ ಆಸ್ಪತ್ರೆಗೆ ಹೋಗಲೇ ಹಿಂಜರಿಯುತ್ತಾನೆ. ಗಲ್ಫಿನಲ್ಲಿ ಮಕ್ಕಳಿರುವ ವಾಚಕರು ಈ ಲಕ್ಷಣಗಳನ್ನು ಅವರಿಗೆ ಬರೆದು ತಿಳಿಸಲಿ. ಅವರು ಕುಡಿಯದಿದ್ದರೂ ಕೋಣೆಯ ಜೊತೆಗಾರನಿಗೆ ಬೇಕಾದೀತು.

ಇಷ್ಟರಲ್ಲಿ ಮಗಳು ಇನ್ನೊಂದು ವಿಷಯ ಹೊರಗೆಡಹಿದಳು. ಅಳಿಯಂದಿರಿಗೆ ಸೌದಿ ಅರೇಬಿಯದಲ್ಲಿ ಎರಡು ವರ್ಷದ ಕೆಲಸ ದೊರೆತಿತ್ತು. ಅಲ್ಲಿ 1952ರಿಂದ ಮದ್ಯ ನಿಷಿದ್ಧ. 2024ರಲ್ಲಿ ರಿಯಾಧ್ ನಗರದಲ್ಲಿ ಮುಸ್ಲಿಮೇತರ ರಾಜತಾಂತ್ರಿಕರಿಗಾಗಿ ಒಂದು ಅಂಗಡಿ ತೆರೆದಿರುವುದು ನಿಜ. ದುಡಿಯಹೋಗುವ ಸಾಮಾನ್ಯನಿಗೆ ಅದರಿಂದ ಯಾವ ಬಾಗಿಲೂ ತೆರೆಯಲಿಲ್ಲ. "ಅಲ್ಲಿಯೂ ಪರದೇಶದವರು ಮನೆಯೊಳಗೆ ಮಾಡಿಕೊಳ್ಳುತ್ತಾರಂತೆ ಮಾವ" ಎಂದರು ಅಳಿಯಂದಿರು. "ಅಂಗಡಿಯ ಅಮಲಿಲ್ಲದ ಮಾಲ್ಟ್ ಪಾನೀಯ, ಸಕ್ಕರೆ, ಬ್ರೆಡ್ಡಿನ ಯೀಸ್ಟ್ ಇದ್ದರೆ ಸಾಕಂತೆ." ಅವರು ಹೇಳಿದ್ದು ಸುಳ್ಳಲ್ಲ. ಹಿಂದೆ ಅಲ್ಲಿಯ ತೈಲ ಕಂಪೆನಿಯ ಅಮೆರಿಕನ್ನರಲ್ಲಿ ಬಟ್ಟಿಯಿಳಿಸುವ ಕ್ರಮದ ಒಂದು ಕೈಪಿಡಿಯೇ ಗುಟ್ಟಾಗಿ ಓಡಾಡುತ್ತಿತ್ತು. ಇಳಿಸಿದ್ದನ್ನು 'ಸದೀಕಿ', ಅಂದರೆ 'ಗೆಳೆಯ', ಎಂದು ಕರೆಯುತ್ತಿದ್ದರು.

ನಾನು ಉಪದೇಶ ಮಾಡಲಿಲ್ಲ. "ಇಲ್ಲಿ ನಿಮ್ಮ ತಪ್ಪಿಗೆ ಎರಡು ಸೀಸೆ ಒಡೆದವು. ಅಲ್ಲಿ ಒಡೆದರೆ ಸದ್ದು ಕೇಳಿ ಬರುವವರು ಯಾರು?" ಎಂದಷ್ಟೇ ಕೇಳಿದೆ. ಸಿಕ್ಕಿಬಿದ್ದರೆ ಸೆರೆಮನೆ, ಆಮೇಲೆ ಗಡೀಪಾರು. ಹೆಂಡತಿ ಮಕ್ಕಳ ವೀಸಾ ಗಂಡನದನ್ನು ಅವಲಂಬಿಸಿದ್ದು. ಅಳಿಯಂದಿರು ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ವಾರ ಕಳೆದ ಮೇಲೆ ಒಂದು ಭಾನುವಾರ ಪೀಪಾಯಿ, ಕೊಳವೆ, ಹಂಡೆ ಎಲ್ಲವನ್ನೂ ತೊಳೆದು ಒಣಗಿಸಿ, ಪಕ್ಕದ ಮನೆಯ ನಿವೃತ್ತ ಅಂಚೆಯವನಿಗೆ ಕೊಟ್ಟುಬಿಟ್ಟರು. ಆ ಮನುಷ್ಯ ಸಂತೋಷದಿಂದ ನನ್ನ ಕೈಯನ್ನೂ ಕುಲುಕಿದ. ಯಾಕೆಂದು ಅವನಿಗೂ ತಿಳಿದಿರಲಿಕ್ಕಿಲ್ಲ.

ಹೈಡ್ರೊಮೀಟರೊಂದನ್ನು ಮಾತ್ರ ನಾನು ಕೇಳಿ ಪಡೆದೆ. ನನ್ನಾಕೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಅದು ಸುರಕ್ಷಿತವಾಗಿ ಊರು ಸೇರಿತು. ಒಳ್ಳೆಯ ಹಸುವಿನ ಹಾಲಿನ ಸಾಂದ್ರತೆ 1.028ರಿಂದ 1.032ರ ಒಳಗಿರಬೇಕು. ನಮ್ಮ ಮನೆಗೆ ಬರುವ ಹಾಲು ಮೊದಲ ದಿನ 1.024 ತೋರಿಸಿತು. ಆದರೆ ಸಲಾಕೆಯ ಗೀಟುಗಳು 20 ಡಿಗ್ರಿಗೆ ಹೊಂದಿಸಿದವು. ನಮ್ಮ ಅಡುಗೆಮನೆ 30 ಡಿಗ್ರಿ. ಹಾಲನ್ನು ತಣಿಸಿ ಇನ್ನೊಮ್ಮೆ ಅಳೆದ ಮೇಲೆಯೇ ಹಾಲಿನವನೊಡನೆ ಮಾತಾಡುವುದೆಂದು ನಿಶ್ಚಯಿಸಿದ್ದೇನೆ.