ಬಟ್ಟಲು ಎಣಿಸುವಾಗ



ಚಿಕನ್ ಪಾಟ್ ಪೈ ಈಗ ನಮ್ಮ ಮನೆಗಳಿಗೂ ಬಂದಿದೆ. ಮೂಲತಃ ಅದು ಇಂಗ್ಲೆಂಡ್ ಮತ್ತು ಅಮೆರಿಕದ ಮನೆಯಡುಗೆ. ಕೋಳಿಮಾಂಸ ಮತ್ತು ತರಕಾರಿಗಳನ್ನು ಬಿಳಿ ಸಾಸ್‌ನಲ್ಲಿ ಬೆರೆಸಿ, ಮೇಲೆ ಮೈದಾ ಹಿಟ್ಟಿನ ಹೊದಿಕೆ ಹಾಕಿ ಓವನ್‌ನಲ್ಲಿ ಬೇಯಿಸುತ್ತಾರೆ. ದೊಡ್ಡ ಪಾತ್ರೆಯಲ್ಲಿ ಒಂದೇ ಪೈ ಮಾಡಿ ಹಂಚುವುದುಂಟು. ಒಬ್ಬೊಬ್ಬರಿಗೂ ಒಂದೊಂದು ಬಟ್ಟಲಿನಲ್ಲಿ ಮಾಡುವುದೂ ಉಂಟು. ಈ ಎರಡನೆಯ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಅದಕ್ಕೆ ರುಚಿಯಲ್ಲದೆ ಬೇರೊಂದು ಕಾರಣವೂ ಇದೆ.

ಮೊದಲು ಒಂದು ಎಚ್ಚರಿಕೆಯ ಮಾತು. ಪಾಶ್ಚಾತ್ಯರ ಅಡುಗೆಯಲ್ಲಿ ಹೊದಿಕೆ ಗರಿಗರಿಯಾಗಲೆಂದು ಲಾರ್ಡ್ ಎಂಬ ಹಂದಿಕೊಬ್ಬನ್ನು ಬೆರೆಸುವ ಹಳೆಯ ರೂಢಿಯಿದೆ. ಕೆಲವರು ಸಾಸ್‌ಗೆ ವೈನ್ ಕೂಡ ಸೇರಿಸುತ್ತಾರೆ. ಆದ್ದರಿಂದ ವಿದೇಶದಲ್ಲಿರುವ ಸಹೋದರಿಯರು ಸಿದ್ಧ ಪೈಯನ್ನಾಗಲಿ, ಸಿದ್ಧ ಹಿಟ್ಟನ್ನಾಗಲಿ ಕೊಳ್ಳುವಾಗ ಪೊಟ್ಟಣದ ಮೇಲಿನ ವಿವರ ಓದಿಕೊಳ್ಳಬೇಕು. ಮನೆಯಲ್ಲಿ ಮಾಡುವುದಾದರೆ ಬೆಣ್ಣೆಯೇ ಸಾಕು.

ಎಂಟು ಬಟ್ಟಲಿಗೆ ಲೆಕ್ಕ ಹೀಗಿದೆ. 300 ಗ್ರಾಂ ಮೈದಾಕ್ಕೆ ಅರ್ಧ ಚಮಚ ಉಪ್ಪು ಮತ್ತು ಫ್ರಿಜ್‌ನಲ್ಲಿಟ್ಟ 150 ಗ್ರಾಂ ಬೆಣ್ಣೆ ಹಾಕಿ, ರವೆಯಂತಾಗುವವರೆಗೆ ಬೆರಳ ತುದಿಯಿಂದ ಉಜ್ಜಿ. ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಉಂಡೆ ಕಟ್ಟಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ನಾದಿದಷ್ಟೂ ಹೊದಿಕೆ ಗಟ್ಟಿಯಾಗುತ್ತದೆ. ಉಂಡೆಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಎಲುಬಿಲ್ಲದ 500 ಗ್ರಾಂ ಕೋಳಿಮಾಂಸವನ್ನು ಉಪ್ಪು ಹಾಕಿ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಎರಡು ಕ್ಯಾರೆಟ್, ಒಂದು ಆಲೂಗಡ್ಡೆ ಮತ್ತು ಒಂದು ಕಪ್ ಬಟಾಣಿಯನ್ನು ಬೇರೆ ಬೇಯಿಸಿಕೊಳ್ಳಿ. 60 ಗ್ರಾಂ ಬೆಣ್ಣೆಯಲ್ಲಿ ಎರಡು ಈರುಳ್ಳಿಯನ್ನು ಕೆಂಪಾಗದಂತೆ ಬಾಡಿಸಿ. ಅದಕ್ಕೆ 60 ಗ್ರಾಂ ಮೈದಾ ಹಾಕಿ, ಹಸಿ ವಾಸನೆ ಹೋಗುವ ತನಕ ಹುರಿಯಿರಿ. ಒಂದೂವರೆ ಕಪ್ ಹಾಲು ಮತ್ತು ಅಷ್ಟೇ ಕೋಳಿ ಬೇಯಿಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತಾ, ಗಂಟಾಗದಂತೆ ಕದಡಿ. ಸಾಸ್ ದಪ್ಪವಾದಾಗ ಮಾಂಸ, ತರಕಾರಿ, ಕಾಳುಮೆಣಸಿನ ಪುಡಿ ಬೆರೆಸಿ, ಉಪ್ಪು ನೋಡಿಕೊಳ್ಳಿ.

ಇದು ಪೂರ್ತಿ ತಣಿಯಲೇಬೇಕು. ಬಿಸಿಯ ಮೇಲೆ ಹೊದಿಕೆ ಹಾಕಿದರೆ ಬೆಣ್ಣೆ ಕರಗಿ ಅದು ಒಳಗೆ ಕುಸಿಯುತ್ತದೆ. ಸ್ಟೀಲಿನ ಅಥವಾ ಓವನ್‌ಗೆಂದೇ ಮಾಡಿದ ಬಟ್ಟಲುಗಳಿಗೆ ಮಿಶ್ರಣ ತುಂಬಿ. ಹಿಟ್ಟನ್ನು ಲಟ್ಟಿಸಿ, ಬಟ್ಟಲಿನ ಬಾಯಿಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಮೇಲೆ ಹೊದಿಸಿ ಅಂಚು ಒತ್ತಿ. ಹಬೆ ಹೋಗಲು ನಡುವೆ ಎರಡು ಸೀಳು ಮಾಡಿ. ಕದಡಿದ ಮೊಟ್ಟೆ ಸವರಿ. ಮೊದಲೇ ಬಿಸಿಯಾದ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಂಬಣ್ಣ ಬರುವವರೆಗೆ, ಸುಮಾರು 30 ನಿಮಿಷ ಇಡಿ. ಓವನ್ ಚಿಕ್ಕದಾಗಿದ್ದರೆ ಎರಡು ಸಲ ಇಡಬಹುದು. ಮೊದಲು ತೆಗೆದವು ಒಳಗೆ ಬಿಸಿಯಾಗಿಯೇ ಇರುತ್ತವೆ.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ.

ಸಾರಿನ ಪಾತ್ರೆಯಲ್ಲಿ ಯಾರ ಪಾಲು ಎಷ್ಟೆಂದು ಕಾಣುವುದಿಲ್ಲ. ಗಂಡಸರು ಉಣ್ಣುತ್ತಾರೆ, ಮಕ್ಕಳು ಉಣ್ಣುತ್ತಾರೆ. ಕೊನೆಗೆ ಅಡುಗೆ ಮಾಡಿದವಳು ತಳದ ರಸವನ್ನೂ ಕತ್ತಿನ ತುಂಡನ್ನೂ ಬಳಿದುಕೊಂಡು ಒಬ್ಬಳೇ ಕೂರುತ್ತಾಳೆ. ಯಾರಿಗೂ ಅದು ಗೊತ್ತಾಗುವುದಿಲ್ಲ. ಆದರೆ ಬಟ್ಟಲಿನ ಪೈ ಈ ಗುಟ್ಟನ್ನು ಬಯಲು ಮಾಡುತ್ತದೆ. ಏಳು ಜನರ ಮನೆಯಲ್ಲಿ ಆರು ಬಟ್ಟಲು ತುಂಬಿದರೆ, ಇಲ್ಲದ ಆ ಒಂದು ಬಟ್ಟಲು ಯಾರದೆಂದು ಕೇಳಬೇಕಾಗಿಲ್ಲ. "ನನಗೆ ಬೇಡ, ಮಕ್ಕಳು ತಿನ್ನಲಿ" ಎನ್ನುವವಳು ಪ್ರತಿ ಮನೆಯಲ್ಲೂ ಒಬ್ಬಳಿದ್ದಾಳೆ.

ತ್ಯಾಗ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಒಳ್ಳೆಯದು. ತಮಗೆ ಅಗತ್ಯವಿದ್ದರೂ ಇತರರಿಗೆ ಆದ್ಯತೆ ಕೊಟ್ಟ ಅನ್ಸಾರ್‌ಗಳನ್ನು ಕುರ್‌ಆನ್ ಸೂರಃ ಅಲ್‌ಹಶ್ರ್‌ನಲ್ಲಿ ಪ್ರಶಂಸಿಸಿದೆ. ಆದರೆ ತನ್ನ ಪಾಲು ತನ್ನ ಮುಂದಿರುವಾಗ ಮನಸಾರೆ ಕೊಡುವುದು ತ್ಯಾಗ. ಪಾಲನ್ನೇ ಎಣಿಸದಿರುವುದು ತ್ಯಾಗವಲ್ಲ, ಅದು ಮನೆಯವರ ಅಲಕ್ಷ್ಯ. ಆಹಾರ ತಂದ ಸೇವಕನನ್ನು ಜೊತೆಗೆ ಕೂರಿಸದಿದ್ದರೂ ಒಂದೆರಡು ತುತ್ತಾದರೂ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಡುಗೆಯ ಬೇಗೆಯನ್ನು ಸಹಿಸಿದವನು ಅವನೇ ಎಂಬ ಕಾರಣವನ್ನೂ ಹೇಳಿದ್ದಾರೆ. ಸೇವಕನಿಗೇ ಈ ಹಕ್ಕಿದ್ದರೆ, ಮನೆಯ ಒಡತಿಗೆ ಎಷ್ಟಿರಬೇಕು? ಇದನ್ನು ನೋಡುತ್ತಾ ಬೆಳೆಯುವ ಮಗಳು ನಾಳೆ ತನ್ನ ಬಟ್ಟಲನ್ನೂ ಎಣಿಸಲಾರಳು. ಮಗನು ಹೆಂಡತಿಯ ಬಟ್ಟಲು ಎಲ್ಲಿ ಎಂದು ಕೇಳಲಾರನು.

ಬಟ್ಟಲು ಬೇರೆಯಾದರೆ ಒಟ್ಟಿಗೆ ಉಣ್ಣುವ ಬರಕತ್ ಹೋಗುವುದಿಲ್ಲವೇ ಎಂಬ ಸಂಶಯವೂ ಬೇಡ. ಒಟ್ಟಾಗಿ ಉಂಡರೂ ಬೇರೆಯಾಗಿ ಉಂಡರೂ ದೋಷವಿಲ್ಲವೆಂದು ಸೂರಃ ಅನ್ನೂರ್‌ನ 61ನೇ ವಚನ ತಿಳಿಸುತ್ತದೆ. ಉಂಡರೂ ಹೊಟ್ಟೆ ತುಂಬುವುದಿಲ್ಲ ಎಂದ ಸಹಾಬಿಗಳಿಗೆ, ಒಟ್ಟು ಸೇರಿ ಅಲ್ಲಾಹನ ನಾಮ ಹೇಳಿ ಉಣ್ಣಲು ಪ್ರವಾದಿವರ್ಯರು(ಸ) ಸೂಚಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ಬಟ್ಟಲು ಏಳಾದರೂ ಸುಪ್ರ ಒಂದೇ ಇರಲಿ. ಪೈ ಓವನ್ ಸೇರಿದ ಮೇಲೆ ರೊಟ್ಟಿ ಸುಡುತ್ತಾ ಒಲೆಯ ಬಳಿ ನಿಲ್ಲುವ ಕೆಲಸ ನಿಮಗಿಲ್ಲ. ನಿಶ್ಚಿಂತೆಯಿಂದ ಇಶಾ ನಮಾಝ್ ಮುಗಿಸಿ ಎಲ್ಲರೊಂದಿಗೆ ಕೂರಬಹುದು. ಬಟ್ಟಲು ತಂದಿಡುವ ಕೆಲಸವನ್ನು ಮಗನಿಗೆ ವಹಿಸಿ.

ಹಾಗಾದರೆ ಎಂಟನೆಯ ಬಟ್ಟಲು ಯಾರಿಗೆ? ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿವರ್ಯರು(ಸ) ಅಬೂದರ್ರ್(ರ)ರಿಗೆ ಉಪದೇಶಿಸಿದ್ದರು. ಪೈಗೆ ನೀರು ಸೇರಿಸಿ ಹೆಚ್ಚಿಸಲಾಗದು. ಆದ್ದರಿಂದ ನೆರೆಮನೆಯ ಬಟ್ಟಲನ್ನು ಮೊದಲೇ ಎಣಿಸಿಕೊಳ್ಳಿ, ನಿಮ್ಮದನ್ನು ಎಣಿಸಿದ ಹಾಗೆಯೇ.